ಹನ್ನೊಂದು ಸಲ ಕುಮಂಜಯಿ

ಪ್ರಾದೇಶಿಕ ಶಿಕ್ಷಣ ನಿರ್ದೇಶಕರಿಗೆ,

ಮಾನ್ಯರೇ, “ಇವರಿಗೆ ಬುದ್ಧಿ ಇಲ್ಲವೆಂದಲ್ಲ, ಓದಿನ ಅಭ್ಯಾಸ ಇಲ್ಲ...” ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ನೀವು ಅಂದದ್ದು ಇದೇ ಇರಬೇಕು, ಫ್ಯಾನಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೆ ಉತ್ತರ ಬರೆಯುತ್ತಿದ್ದೇನೆ. ನನ್ನ ತಂಗಿಯ ಮಗಳು ಡೆಲ್ವೀನಾಳಿಗೆ ಪಟ್ಟಣದ ಸರ್ಕಾರಿ ಹೈಸ್ಕೂಲಿನ ವಿಜ್ಞಾನ ತರಗತಿ ತಪ್ಪಿಸಿ, ನಿಮ್ಮ ಇಲಾಖೆ ಅವಳನ್ನು ಓದಲು ಬಾರದವರ ಪಟ್ಟಿಗೆ ಸೇರಿಸಿದೆ. ಶುಕ್ರವಾರ ಆ ಪಟ್ಟಿ ಅಂತಿಮವಾಗುತ್ತದೆ.

ನಡೆದದ್ದು ಇಷ್ಟು. ಗಟ್ಟಿಯಾಗಿ ಓದುವ ಪರೀಕ್ಷೆಗೆ ನಗರದಿಂದ ಬಂದ ಪರೀಕ್ಷಕಿ ಕೊಟ್ಟದ್ದು ಬೇಕರಿ ನಡೆಸುವ ಹೆಂಗಸೊಬ್ಬಳ ಕಥೆ. ಆ ಹೆಂಗಸಿನದು ಏಳು ವಾರಗಳ ಹಿಂದೆ ತೀರಿಕೊಂಡ ನನ್ನ ತಾಯಿಯ ಹೆಸರು. ಅದನ್ನು ಇಲ್ಲಿ ಬರೆಯಲಾರೆ. ವಾರ್ಲ್‌ಪಿರಿ ಮೂಲನಿವಾಸಿಗಳಾದ ನಾವು ಸತ್ತವರ ಹೆಸರನ್ನು ವರ್ಷಗಟ್ಟಲೆ ಬಾಯಿಗೆ ತರುವುದಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಆ ಹೆಸರಿನ ಬದಲು ಕುಮಂಜಯಿ ಎಂದೇ ಕರೆಯುತ್ತೇವೆ. ಡೆಲ್ವೀನಾ ಆ ಅಜ್ಜಿಯೇ ಸಾಕಿದ ಹುಡುಗಿ. ಎಲ್ಲೂ ತಡವರಿಸದೆ ಓದಿದಳು. ಆ ಹೆಸರು ಬಂದಲ್ಲೆಲ್ಲ ಕುಮಂಜಯಿ ಎಂದಳು.

“ಯಾವ ಪದಮ್ಮ ಅದು? ಇಲ್ಲಿ ಹಾಗೆ ಬರ್ದಿಲ್ವಲ್ಲ.”

ಹುಡುಗಿ ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ನೋಡಿದಳು.

“ಅವರನ್ನ ನೋಡ್ಬೇಡ, ಕಾಗದ ನೋಡು. ಊಹೆ ಮಾಡ್ಬೇಡ, ಓದು.”

ಹೆಸರು ಹನ್ನೊಂದು ಸಲ ಬಂತು, ಹನ್ನೊಂದು ತಪ್ಪುಗಳಾದವು. ಷರಾದಲ್ಲಿ ಹೀಗಿದೆ: ‘ಅರ್ಥವಿಲ್ಲದ ಶಬ್ದಗಳನ್ನು ಸೇರಿಸುತ್ತಾಳೆ.’ ಸಾವಿರಾರು ಜನ ದುಃಖದಲ್ಲಿ ಆಡುವ ಶಬ್ದಕ್ಕೆ ಅರ್ಥವಿಲ್ಲವೆಂದು ಗೊತ್ತುಮಾಡಲು ಪರೀಕ್ಷಕಿಗೆ ಇಪ್ಪತ್ತು ನಿಮಿಷ ಸಾಕಾಯಿತು. ವಿದ್ಯೆ ಎಂದರೆ ಇದಲ್ಲವೇ?

ಸಹಾಯಕ ಶಿಕ್ಷಕನಾದ ನಾನು ಅದೇ ಕೋಣೆಯಲ್ಲಿದ್ದೆ. ಪರೀಕ್ಷೆ ನಡೆಯುವಾಗ ಸಹಾಯಕರು ಮಾತಾಡಬಾರದು ಎಂಬುದು ನಿಮ್ಮ ನಿಯಮ. ಮಾತಾಡಲಿಲ್ಲ. ವಿಧೇಯತೆಯೂ ಒಂದು ಚಟ, ಬಿಡುವುದು ಕಷ್ಟ. ಮುಗಿದ ಮೇಲೆ ಪರೀಕ್ಷಕಿಗೆ ವಿವರಿಸಿದೆ. “ನಿಯಮ ಎಲ್ರಿಗೂ ಒಂದೇ ಸರ್” ಎಂದರು.

ಎಲ್ಲರಿಗೂ? ಅದೇ ಬೆಳಿಗ್ಗೆ ಬಿಳಿಯ ಪೊಲೀಸ್ ಅಧಿಕಾರಿಯ ಮಗ, ನಾಯಿ ಸತ್ತಿತೆಂದು ಅತ್ತ. ಅವನಿಗೆ ಒಂದು ಲೋಟ ಮೈಲೊ, ಎರಡು ದಿನದ ಬಿಡುವು, ಪರೀಕ್ಷೆಗೆ ಬೇರೆ ಪಾಠ. ಸರಿಯಾಗಿಯೇ ಮಾಡಿದಿರಿ; ಮಗು ತಾನೇ. ಆದರೆ ಅಜ್ಜಿಯನ್ನು ಕಳೆದುಕೊಂಡವಳಿಗೆ ನಿಮ್ಮ ನಮೂನೆಯಲ್ಲಿ ಒಂದು ಸಾಲೂ ಇಲ್ಲ. ನಿಮ್ಮ ಇಲಾಖೆಯಲ್ಲಿ ಯಾರಿಗೂ ನಮ್ಮ ಮೇಲೆ ದ್ವೇಷವಿಲ್ಲವೆಂದು ಬಲ್ಲೆ. ದ್ವೇಷಿಸಲು ಮೊದಲು ನಮ್ಮ ಮುಖ ನೋಡಬೇಕಾಗುತ್ತದೆ. ಅಷ್ಟು ಶ್ರಮ ಯಾರು ಪಡುತ್ತಾರೆ? ನಮೂನೆಗಳು ಆ ಕೆಲಸವನ್ನು ನಗುಮುಖದಿಂದಲೇ ಮಾಡಿ ಮುಗಿಸುತ್ತವೆ.

ಸಂಜೆ ಅಂಗಡಿಯ ಮುಂದೆ ಕೂತಿದ್ದ ನನ್ನ ದೊಡ್ಡಮ್ಮ ಸಿಡುಕಿದಳು: “ಲೋ, ಇಪ್ಪತ್ತೆರಡು ವರ್ಷ ಅವರ ಪೆನ್ಸಿಲ್ ಹೆರೆದೆ. ನಾಲಿಗೆ ಯಾವಾಗ ಹೆರೆದು ಚೂಪು ಮಾಡ್ಕೊಳ್ತೀಯೋ?”

ಪಕ್ಕದಲ್ಲಿದ್ದ ಡೆಲ್ವೀನಾ ನಗಲಿಲ್ಲ. “ಮಾವ, ಬೇರೆ ಒಂದ್ ಪದಾನೂ ತಪ್ಪು ಓದಿಲ್ಲ ನಾನು. ಇನ್ನೊಂದ್ಸಲ ಕರೆದ್ರೆ ಆ ಹೆಸರು ಹೇಳ್ಬಿಡ್ಲಾ? ಮೆತ್ತಗೆ ಹೇಳ್ತೀನಿ.”

ಆದ್ದರಿಂದ ಶುಕ್ರವಾರದೊಳಗೆ ಅವಳಿಗೆ ಬೇರೆ ಪಾಠದಿಂದ ಮರುಪರೀಕ್ಷೆ ನಡೆಸಿ. ಆ ಷರಾವನ್ನು ಅವಳ ಕಡತದಿಂದ ತೆಗೆದುಹಾಕಿ. ಇದು ದಯೆಯ ಬೇಡಿಕೆಯಲ್ಲ. ಹುಡುಗಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ತರಗತಿಯಲ್ಲಿ ಒಂದು ಜಾಗಕ್ಕಾಗಿ ಅಜ್ಜಿಯ ಹೆಸರನ್ನು ಉಚ್ಚರಿಸಿಬಿಡು ಎಂದು ನಾನು ಹೇಳಬೇಕೇ, ಅಥವಾ ನೀವೇ ಇಲ್ಲಿಗೆ ಬಂದು ಅವಳ ಎದುರು ಕೂತು ಹೇಳುತ್ತೀರಾ?

ಇಂತಿ,
ಬಡ್ತಿಗೆ ಇನ್ನೂ ಅರ್ಹನಾಗದ,
ವೆಸ್ಲಿ ಜಕಮರ
ತನಾಮಿ ರಸ್ತೆ