ಡಿಕ್ಕಿಯ ಮುಚ್ಚಳ ಬಿದ್ದ ವಿಚಾರ

ಬೂದಿಗೆರೆ

ಮಾನ್ಯ ಜಯಕುಮಾರ್ ಅವರಿಗೆ,

ಮೋನಿಷಾಳ ನಮಸ್ಕಾರಗಳು. ಮಾವ ಎಂದು ಬರೆಯಬಹುದೋ ಇಲ್ಲವೋ ತಿಳಿಯದೆ ಹೆಸರು ಹಿಡಿದಿದ್ದೇನೆ, ಕ್ಷಮಿಸಿ. ಫೋನಿನಲ್ಲಿ ಇದನ್ನೆಲ್ಲ ಹೇಳಲು ನಾಚಿಕೆ.

ಹೆಣ್ಣು ನೋಡಲು ಬಂದ ದಿನ ನಮ್ಮ ತಾತನ ಹಳೆಯ ಕಾರಿನ ಡಿಕ್ಕಿ ಮುಚ್ಚಳ ನಿಮ್ಮ ಬೆನ್ನ ಮೇಲೆ ಬಿದ್ದದ್ದು ಅಪಶಕುನ, ಈ ಸಂಬಂಧ ಬೇಡ ಎಂದು ಹೇಳಿ ಕಳಿಸಿದಿರಂತೆ. ಅದು ಶಕುನವಲ್ಲ, ಕೀಲು ಸವೆದಿತ್ತು. ಅಪ್ಪ ಯಾವಾಗಲೂ ಆ ಮುಚ್ಚಳಕ್ಕೆ ಕೋಲು ಕೊಟ್ಟು ನಿಲ್ಲಿಸುತ್ತಿದ್ದರು. ಬೀಗರ ಮುಂದೆ ಮರ್ಯಾದೆ ಹೋದೀತೆಂದು ಅಂದು ಕೋಲನ್ನು ಬಚ್ಚಿಟ್ಟರು. ನೀವು ಒಳಗೆ ಬಗ್ಗಿ, "ಹಳೇ ಕಾಲದ ತಗಡು ನೋಡ್ರಪ್ಪಾ, ಏನ್ ಗಟ್ಟಿ ಐತೆ" ಎಂದು ಹೊಗಳುತ್ತಿದ್ದಾಗಲೇ ಅದು ಬಿತ್ತು.

ದೇವನಹಳ್ಳಿಯ ಮಸ್ತಾನ್ ಸಾಬರ ಗ್ಯಾರೇಜಿನಲ್ಲಿ ಕೀಲಿಗೆ ಹೊಸ ಪಿನ್ನು, ಸ್ಪ್ರಿಂಗು ಹಾಕಿಸಿದ್ದೇವೆ. ಮುಚ್ಚಳ ಈಗ ಎತ್ತಿದಲ್ಲೇ ನಿಲ್ಲುತ್ತದೆ. ಅಪ್ಪ ಅದರ ಕೆಳಗೆ ತಲೆಯಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಇನ್ನೊಂದು ಮಾತು. ಅಂದು ನಾನು ಈ ಮದುವೆ ಒಲ್ಲೆ ಎನ್ನಬೇಕೆಂದೇ ಕೂತಿದ್ದೆ. ಮುಚ್ಚಳ ಬಿದ್ದಾಗ ನಾನೂ ನಿಮ್ಮ ಮಗ ಅಂಬರೀಶ್ ಅವರೂ ಒಟ್ಟಿಗೆ ಓಡಿಬಂದೆವು. ಅವರು ನಗು ತಡೆದುಕೊಂಡು, "ನೀವು ಎತ್ತಿ ಹಿಡ್ಕೊಳ್ಳಿ, ನಾನು ಅಪ್ಪನ್ನ ಈಚೆಗೆ ಎಳ್ಕೋತೀನಿ" ಅಂದರು. ನೀವು ಒಳಗಿನಿಂದ, "ನಗಬೇಡ ಕಣೋ" ಎಂದು ಬೈದಿರಿ. ಆಗ ನನಗೂ ನಗು ಬಂತು. ಆಮೇಲೆ ಒಲ್ಲೆ ಎನ್ನಲು ಮನಸ್ಸು ಬರಲಿಲ್ಲ.

ಬೆನ್ನು ವಾಸಿಯಾದ ಮೇಲೆ ದಯವಿಟ್ಟು ಇನ್ನೊಮ್ಮೆ ಬನ್ನಿ, ಅವರನ್ನೂ ಕರೆತನ್ನಿ. ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿರುತ್ತೇವೆ.

ನಿಮ್ಮ ಒಪ್ಪಿಗೆಗೆ ಕಾದಿರುವ,
ಮೋನಿಷಾ