ಗೇಟಿಗೆ ಹಿಡಿಸದ ಜೀಪು

ದಾವಣಗೆರೆ,
೧೭ ನವೆಂಬರ್ ೨೦೨೪

ಪ್ರೀತಿಯ ಕೊಟ್ಟೂರೇಶನಿಗೆ ಅತ್ತಿಗೆ ರೂಪಶ್ರೀಯ ಆಶೀರ್ವಾದಗಳು.

ನೀನೂ ಸುನೀತಾಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಬೈಕು ಬಿಟ್ಟು ಬಸ್ಸಿನಲ್ಲಿ ಓಡಾಡು ಎಂದು ಹಿಂದೆಯೇ ಹೇಳಿದ್ದೆ, ನೀನು ಕೇಳಿರಲಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಹರಿಹರ ಇಲ್ಲೇ ಕೂಗಳತೆಯಲ್ಲಿರುವಾಗ ಈ ಅತ್ತಿಗೆ ಕಾಗದ ಯಾಕೆ ಬರೆದಳು ಎಂದು ನಗಬೇಡ. ಮನೆ ಪಾಲಾದ ದಿನದಿಂದ ನೀನು ನಮ್ಮ ಫೋನು ಎತ್ತಿಲ್ಲ. ಕಾಗದವನ್ನಾದರೆ ಬೈದುಕೊಂಡಾದರೂ ಒಡೆದು ಓದುತ್ತೀಯ.

ಸುದ್ದಿ ಏನೆಂದರೆ, ಮಾವನವರ ಜೀಪು ಮತ್ತೆ ಓಡುತ್ತಿದೆ. ಓಡುತ್ತಿದೆ ಎಂದರೆ ನಮ್ಮ ಅಂಗಳದೊಳಗೆ, ಹಿಂದಕ್ಕೂ ಮುಂದಕ್ಕೂ. ಹೋದ ಯುಗಾದಿಯ ನಂತರ ನಿಮ್ಮಣ್ಣನ ತಲೆಗೆ ಅದೇನು ಹೊಕ್ಕಿತೋ, ಇಲ್ಲೇ ಕರೂರಿನಲ್ಲಿರುವ ಸ್ವಂತ ಲೇತ್ ಶೆಡ್ಡಿನಿಂದ ಬಂದವರೇ ಬನಿಯನ್ನಿನಲ್ಲಿ ಜೀಪಿನ ಕೆಳಗೆ ಮಲಗಲು ಶುರು ಮಾಡಿದರು. ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಗೇರ್‌ಬಾಕ್ಸ್ ನನ್ನ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಒಂದು ಮಳೆಗಾಲವನ್ನೇ ಕಳೆಯಿತು. ಸಾರಥಿ ಹಳ್ಳಿಯ ನಮ್ಮ ಹೊಲದ ಎರೆಮಣ್ಣಿನಲ್ಲಿ ನಾಲ್ಕೂ ಚಕ್ರ ತಿರುಗಿಸುತ್ತಿದ್ದ ಆ ಸಣ್ಣ ಲಿವರ್ ನಿನಗೆ ನೆನಪಿರಬೇಕು. ಅದು ಕಚ್ಚಿಕೊಂಡಿತ್ತು, ಈಗ ಬೆರಳಿಗೆ ಜಗ್ಗುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿದೆ, ಪವರ್ ಸ್ಟೀರಿಂಗ್ ಬಂದಿದೆ. ಸಾಮಾನೆಲ್ಲ ಅಖ್ತರ್ ಬಾನು ಅವರ ಸ್ಪೇರ್ ಪಾರ್ಟ್ಸ್ ಅಂಗಡಿಯದೇ. ಇಷ್ಟು ಉಪಚಾರ ನನಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಬಂದದ್ದು ಟೈರು. ಎಮ್ಮೆಯ ಹೊಟ್ಟೆಯಂತೆ ಎರಡೂ ಕಡೆ ಉಬ್ಬಿಕೊಂಡ ಅಗಲ ಟೈರುಗಳು.

ಬರುವ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಯಲ್ಲಿ ಗಾಡಿಗೆ ಪೂಜೆ ಮಾಡಿಸುವುದು ಎಂದು ಗೊತ್ತು ಮಾಡಿದೆವು. ಹೋದ ವಾರ ಗಾಡಿ ಹೊರಗೆ ತೆಗೆಯಲು ಹೋದರೆ ಅದು ಗೇಟಿನಲ್ಲಿ ಹಾಯಲಿಲ್ಲ. ಪಾಲಾದಾಗ ಅಂಗಳದ ನಡುವೆ ಗೋಡೆ ಎದ್ದದ್ದು, ನಮ್ಮ ಕಡೆ ಕಾಂಪೌಂಡು ಒಡೆದು ಈ ಸಣ್ಣ ಗೇಟು ಕೂಡಿಸಿದ್ದು ನಿನ್ನ ಕಣ್ಣೆದುರೇ. ಹಳೆ ಟೈರಿದ್ದಾಗ ಜೀಪು ಅದರಲ್ಲಿ ಮೈ ಹಿಡಿದುಕೊಂಡು ಹಾಯುತ್ತಿತ್ತು. ಈಗ ಎರಡೂ ಕಂಬಕ್ಕೆ ಬಡಿಯುತ್ತದೆ. ದೊಡ್ಡ ಗೇಟು ನಿನ್ನ ಪಾಲಿಗೆ ಬಂತಲ್ಲ. ಜೀಪಿನ ಚೀಟಿ ನಿಮ್ಮಣ್ಣನಿಗೆ ಎದ್ದಾಗ ನೀನು ಹಿರಿಯರ ಮುಂದೆ, "ಜೀಪು ಅವಂಗಿರ್ಲಿ, ಗೇಟು ನನಗಿರ್ಲಿ. ಅದೆಲ್ಲಿ ಹೊಡೀತಾನೋ ನೋಡ್ತೀನಿ" ಎಂದಿದ್ದೆ. ಆಮೇಲೆ ಅದಕ್ಕೆ ಬೀಗ ಜಡಿದು ಹರಿಹರದಲ್ಲಿ ಮನೆ ಮಾಡಿದೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರೆ. ನಿಮ್ಮಿಬ್ಬರಿಗೂ ನಾನೇ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಹಾಕಿಕೊಟ್ಟವಳು, ನನಗೆ ಆ ಗಾದೆ ಇಷ್ಟವಿಲ್ಲ.

ಎದುರುಮನೆ ಪಾಲಯ್ಯ ಬಿದ್ದು ಬಿದ್ದು ನಕ್ಕ. "ಬಕ್ಕೇಶಣ್ಣಾ, ಗಾಡಿ ಏನೋ ಕಟ್ಟೀರಿ, ಹೊರಗೆ ಹೆಂಗ್ ತರ್ತೀರಿ? ಮ್ಯಾಲೆ ಹಾರಿಸ್ತೀರೇನು?" ಎಂದ. ಬೀದಿಯ ನಾಲ್ಕು ಜನ ಸೇರಿದರು. ಅಳತೆ ಒಂದು ನೂಲು ಹೆಚ್ಚುಕಮ್ಮಿಯಾದರೆ ಗಿರಾಕಿಯ ಮಾಲನ್ನು ತಾವೇ ಗುಜರಿಗೆ ಎಸೆಯುವ ಮನುಷ್ಯ ಸ್ವಂತ ಮನೆಯ ಗೇಟನ್ನೇ ಅಳೆಯಲು ಮರೆತರಲ್ಲ ಎಂದು ನನಗೂ ನಾಚಿಕೆಯಾಯಿತು. ಅವರು ಮಾತ್ರ ಗಾಡಿಯನ್ನು ಹಿಂದಕ್ಕೆ ಬಿಟ್ಟು, ಕೈ ತೊಳೆದು ಊಟಕ್ಕೆ ಕೂತರು. ಗೇಟಿನ ಕಂಬ ಒಡೆಸಿ ಎಂದೆ. "ಬ್ಯಾಡ, ಒಳಗೆ ಕಬ್ಬಿಣ ಐತೆ" ಎಂದರು. ಹಳೆ ಟೈರು ಹಾಕಿ ಎಂದರೆ ಅಂಗಡಿಗೆ ಕೊಟ್ಟು ಬಂದಿದ್ದಾರಂತೆ. ಹಾಗಾದರೆ ನಡುವಿನ ಗೋಡೆಯನ್ನೇ ತೆಗೆದು ದೊಡ್ಡ ಗೇಟಿನಿಂದ ದಾಟಿಸಬೇಕಷ್ಟೇ ಎಂದು ಸಿಟ್ಟಿನಲ್ಲಿ ಅಂದೆ. ಅದಕ್ಕೆ, "ಗೋಡೆ ನನ್ನೊಬ್ಬಂದಲ್ಲ. ಕೊಟ್ಟೂರನ್ನ ಕೇಳ್ಬೇಕು" ಎಂದರು. ಪಾಲಾದ ಮೇಲೆ ಈ ಮನೆಯಲ್ಲಿ ಅವರ ಬಾಯಿಂದ ನಿನ್ನ ಹೆಸರು ಬಂದದ್ದು ಅದೇ ಮೊದಲು. ಕೇಳಬೇಕು ಎಂದವರು ಕೇಳುವುದಿಲ್ಲ, ಅದು ನಿನಗೂ ಗೊತ್ತು. ಅದಕ್ಕೇ ನಾನು ಕೇಳುತ್ತಿದ್ದೇನೆ. ಅಮಾವಾಸ್ಯೆಯೊಳಗೆ ಬಂದು ಗೋಡೆ ತೆಗೆಯಲು ಒಪ್ಪಿಗೆ ಕೊಡು, ದೊಡ್ಡ ಗೇಟಿನ ಬೀಗ ತೆಗೆದುಕೊಡು. ಆಗುವುದಿಲ್ಲ ಎಂದರೆ ಅದನ್ನೂ ಬರೆದು ತಿಳಿಸು, ಕಾಯುವುದಾದರೂ ತಪ್ಪುತ್ತದೆ.

ಸುನೀತಾಳನ್ನು ಕೇಳಿದೆನೆಂದು ಹೇಳು. ಅವಳಿಗೆಂದು ತೆಗೆದಿಟ್ಟ ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲೇ ಇದೆ. ಕರಿಬಸವೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅತ್ತಿಗೆ,
ರೂಪಶ್ರೀ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಹಳೆ ಟೈರು ವಾಪಸು ಸಿಕ್ಕಾವೇನೋ ಎಂದು ಅಖ್ತರ್ ಬಾನು ಅವರ ಅಂಗಡಿಗೆ ಹೋಗಿ ಬಂದೆ. ಗೇಟಿಗೆ ಹಿಡಿಸದ ಟೈರು ಯಾಕೆ ಕೊಟ್ಟಿರಿ ಎಂದು ಜೋರಾಗಿಯೇ ಕೇಳಿಬಿಟ್ಟೆ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಹಳೇ ಅಗ್ಲದ್ದೇ ಹಾಕ್ಸ್ರಿ, ಇದು ಗೇಟಿಗೆ ತಗಲ್ತೈತೆ ಅಂತ ನಾನೇ ಅಂದೆ ಅಕ್ಕಾ. ಅಣ್ಣಾರು ಟೇಪ್ ಹಿಡ್ದು ಅಳೆದ್ರು. ತಗಲಿದ್ರೆ ಸಾಲಲ್ಲ, ಹಾಯಲೇಬಾರ್ದು, ಅಂಥದ್ದು ಕೊಡ್ರಿ ಅಂದ್ರು." ನನಗೆ ಅಲ್ಲೇ, ಗಿರಾಕಿಗಳ ಮುಂದೆಯೇ ಅಳು ಬಂತು. ಇದು ನನಗೆ ಗೊತ್ತಾಗಿದೆ ಎಂದು ನಿಮ್ಮಣ್ಣನಿಗೆ ತಿಳಿಯುವುದು ಬೇಡ. ನೀನು ಬಂದಾಗ, ಅಣ್ಣನ ಅಳತೆ ತಪ್ಪಿತು ಎಂದು ಅವರೆದುರೇ ಹೊಟ್ಟೆ ತುಂಬ ನಕ್ಕುಬಿಡು.