ಪೆಡಲ್ ಒತ್ತುವವರು ಯಾರು?

ಉದಗೀರ,
೧೮ ಆಗಸ್ಟ್ ೨೦೨೪

ಪ್ರೀತಿಯ ಮುತ್ಯಾ,

ಶರಣು. ಮೊಣಕಾಲಿನ ಹೊಲಿಗೆ ಬಿಚ್ಚಿದರೇ? ಸೊಲ್ಲಾಪುರದ ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದರೆ ಹತ್ತಬೇಡ, ಸುಗಂಧಾ ಅತ್ತೆಯ ಮನೆಯಲ್ಲಿ ಹಟ ಮಾಡಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ "ಆತು, ಆತು" ಎಂದು ಇಟ್ಟುಬಿಡುತ್ತೀ. ಕೈಗೆ ಬಂದ ಕಾಗದವನ್ನಾದರೋ ಕೊನೆಯವರೆಗೂ ಓದುವವನು ನೀನು.

ಹೋದ ವಾರ ನಮ್ಮ ಕಾಸಾರಶಿರಸಿಯ ಮನೆಗೆ ಹೋಗಿದ್ದೆ. ಆ ದಿನವೇ ನಿನ್ನ ಹಳೆಯ ಅಂಬಾಸಿಡರ್ ಬಜಾರದ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಮಾಣಿಕಬಾಯಿಯ ಬಾಳೆಹಣ್ಣಿನ ಕೈಗಾಡಿಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಓಡಿಸುತ್ತಿದ್ದ ವಿರೂಪಾಕ್ಷ ಕಾಕಾ ಇಳಿದವನೇ ಅವಳನ್ನೇ ಬೈದ: "ಗಂಡ ಸತ್ತಾಕಿ, ಮುಂಜಾನೆದ್ದು ಯಾಕ ಅಡ್ಡ ನಿಂತಿ?" ಅವಳೂ ಬಿಡಲಿಲ್ಲ: "ನನ್ನ ಗಂಡ ಸತ್ತು ಎಷ್ಟೋ ವರ್ಷ ಆತು. ನಿನ್ನ ಬ್ರೇಕ್ ಇವತ್ತ ಸತ್ತದ, ಅದಕ್ಕ ಬೈಯಿ!" ಮನೆಗೆ ತಂದ ಮೇಲೆ ಕಾಕಾ ಮಾಡಿದ ರಿಪೇರಿ ಏನು ಗೊತ್ತೇ? ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ನಾನೇ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲಿನ ಡಬ್ಬಿ ನೋಡಿದರೆ ತಳ ಕಾಣುತ್ತಿತ್ತು, ಹಿಂದಿನ ಎಡಗಾಲಿಯ ಒಳಮೈ ಒದ್ದೆಯಾಗಿತ್ತು.

ನಾನು ಜಗಳವಾಡಿದ ಮೇಲೆ ಮೋಟಾರು ರಿಪೇರಿಯ ಮಿಸ್ತ್ರಿ ಅಂಬಾದಾಸನನ್ನು ಕರೆಸಿದರು. ಅವನೇನು ದೇವರಲ್ಲ, ಗುಟ್ಕಾ ಉಗುಳುತ್ತಾನೆ, ಹತ್ತು ಮಾತಿಗೆ ಒಂದು ಕೆಲಸ. ಆದರೂ ಉಮರ್ಗಾದಿಂದ ಹೊಸ ರಬ್ಬರ್ ತಂದು ಆ ಸೋರುವ ಗಾಲಿಗೆ ಹಾಕಿದ. ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ, ಅದನ್ನು ತೆಗೆಯದಿದ್ದರೆ ಪೆಡಲ್ ಮತ್ತೆ ತಳ ಮುಟ್ಟುತ್ತದೆ. ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಣ್ಣ ಸ್ಕ್ರೂ ಸಡಿಲಿಸಿ ಬಿಗಿಯಬೇಕು. "ಸಾವಕಾರ್ರ, ನೀವು ಕೂಡ್ರಿ. ನಾ ಒತ್ರಿ ಅಂದಾಗ ಒತ್ರಿ" ಎಂದ ಅಂಬಾದಾಸ. ಕಾಕಾ ಉರಿದುಬಿದ್ದ: "ನಿನ್ನ ಹುಕುಮಿಗಿ ನಾ ಕಾಲ ಆಡಸ್ಲಾ? ಓಣಿ ಮಂದಿ ನಗಲಿಕ್ಕಾ?" "ಹಂಗಾರ ನನ್ನ ಭಾವನ್ನ ಕೂಡಸ್ತೀನಿ." "ಮಠದ ಅಪ್ಪಾಜಿಯೋರು ಕೂಡೋ ಗಾಡಿ ಅದ. ನಿಮ್ಮ ಮಂದಿ ಸೀಟ ಮುಟ್ಟಂಗಿಲ್ಲ." ನಾನು ಕೂಡುತ್ತೇನೆ ಎಂದರೆ, ಹೆಣ್ಣುಮಗಳು ಸ್ಟೇರಿಂಗ್ ಮುಂದೆಯೇ ಎಂದು ನನ್ನನ್ನೂ ತಳ್ಳಿದ. ಅಂಬಾದಾಸ ತನ್ನ ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟ: "ಗಾಡಿ ಕೆಳಗ ಮಲಗಿದ್ರ ಮೈಲಿಗಿ ಇಲ್ಲ, ಮ್ಯಾಲ ಕೂತ್ರ ಅದ. ಯಾವ ಮಠದಾಗ ಕಲತ್ರಿ ಈ ಲೆಕ್ಕ?" ಕೆಲಸ ಅರ್ಧಕ್ಕೇ ನಿಂತಿತು.

ಮುತ್ಯಾ, ಕಾಕಾನನ್ನು ಬೈದು ಕಾಗದ ಮುಗಿಸುವುದಿಲ್ಲ. ಸ್ವಾಮಿಗಳು ಮೊದಲ ಸಲ ಆ ಗಾಡಿ ಹತ್ತಿದ ವರ್ಷ, ಅವರ ಮಂದಿ ಸೀಟು ಮುಟ್ಟಬಾರದೆಂಬ ಈ ನಿಯಮ ಮಾಡಿದವನು ನೀನು. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಶರಣರ ಪುಸ್ತಿಕೆಗಳು ನನ್ನ ತಲೆ ಕೆಡಿಸಿವೆ ಎನ್ನುತ್ತಾನೆ ಕಾಕಾ. ಮೊದಲ ಪುಸ್ತಿಕೆ ನನ್ನ ಕೈಗೆ ಕೊಟ್ಟವನೂ ನೀನೇ. ಶರಣರು ಎಲ್ಲರನ್ನೂ ಒಂದೇ ಮಣೆಯ ಮೇಲೆ ಕೂಡಿಸಿದರು ಎಂಬ ಸಾಲಿನ ಕೆಳಗೆ ನಿನ್ನ ಪೆನ್ಸಿಲ್ಲಿನ ಗೆರೆ ಇದೆ. ಮಣೆಗೆ ಒಂದು ಧರ್ಮ, ಮೋಟಾರಿನ ಸೀಟಿಗೆ ಇನ್ನೊಂದೇ? ಹೇಸಿಗೆಯಾಗುತ್ತದೆ, ನಿನ್ನ ಮೇಲೆ ಇಷ್ಟು ಪ್ರೀತಿ ಇರುವುದರಿಂದ ಇನ್ನೂ ಹೆಚ್ಚು.

ಶ್ರಾವಣದ ಕೊನೆಯ ಸೋಮವಾರ ಪಾದಪೂಜೆಗೆ ಅಪ್ಪಾಜಿಯವರನ್ನು ಕಾಕಾ ಅದೇ ಗಾಡಿಯಲ್ಲಿ ಉದಗೀರದಿಂದ ಕರೆತರುತ್ತಾನಂತೆ. ಮುಂದಿನ ಸೀಟಿನಲ್ಲಿ ಕಳಸ ಹಿಡಿದು ಕೂಡುವವಳು ನನ್ನ ತಂಗಿ ವೈಷ್ಣವಿ. ನಿಲಂಗಾ ರಸ್ತೆಯ ಇಳಿಜಾರು ನಿನಗೆ ಗೊತ್ತು. ಕೇಳಿದರೆ, "ಸಾವಕಾಶ ಹೊಡಿತೀನಿ ತಗೊ" ಎನ್ನುತ್ತಾನೆ.

ಅತ್ತೆಗೆ ನಮಸ್ಕಾರ. ಗುಳಿಗೆ ತಪ್ಪಿಸಬೇಡ.

ನಿನ್ನ ಮೊಮ್ಮಗಳು,
ಶುಭಾಂಗಿ

ತಾ.ಕ.: ಬರುವಾಗ ಬಾನೆಟ್ ತೆಗೆದು ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಕಿತ್ತು ತಂದಿದ್ದೇನೆ. ಹೆಬ್ಬೆರಳಿನಷ್ಟು ವಸ್ತು, ಅದಿಲ್ಲದೆ ಎಂಜಿನ್ ಶುರುವಾಗದು. ಪಾಪ, ಕಾಕಾ ಬ್ಯಾಟರಿ ಬದಲಿಸುತ್ತ ಕೂತಿದ್ದಾನಂತೆ. ಅಂಬಾದಾಸನ ಭಾವನನ್ನು ಸೀಟಿನಲ್ಲಿ ಕೂಡಿಸು ಎಂದು ನೀನೇ ಕಾಕಾನಿಗೆ ಫೋನ್ ಮಾಡಿ ಹೇಳು, ಮರುದಿನವೇ ತಂದುಕೊಡುತ್ತೇನೆ. ಇಲ್ಲದಿದ್ದರೆ ಅಪ್ಪಾಜಿಯವರು ನಿಲಂಗಾ ಬಸ್ಸಿಗೆ ಬರಲಿ. ಬಸ್ಸಿನ ಸೀಟಿನಲ್ಲಿ ಮೊದಲು ಯಾರು ಕೂತಿದ್ದರೆಂದು ಯಾರೂ ಕೇಳುವುದಿಲ್ಲ.